ಲಗ್ನಪತ್ರಿಕೆಯ ಹಿಂದೆ ಬರೆದ ರಸಾಯನಶಾಸ್ತ್ರ

ಡಿಸೆಂಬರ್‌ನ ಮೊದಲ ಭಾನುವಾರ ಅಕ್ಕನ ಮನೆಗೆ ಹೋಗಿದ್ದೆ. ತಿಕೋಟಾ ಕಡೆ ಒಂದು ಹಳ್ಳಿ, ವಿಜಯಪುರದಿಂದ ಬೈಕಿನಲ್ಲಿ ಮುಕ್ಕಾಲು ತಾಸು. ಚಪ್ಪಲಿ ಬಿಡೋದೇ ತಡ, ಹತ್ತನೇ ಇಯತ್ತೆಯಲ್ಲಿರೋ ಅಕ್ಕನ ಮಗಳು ಕೈ ಹಿಡಿದು ಎಳೆದುಕೊಂಡು ಹೋಗಿ ತಿಜೋರಿ ಮುಂದೆ ನಿಲ್ಲಿಸಿದಳು. ಅದರ ಬಾಗಿಲಿಗೆ ಒಂದು ದೊಡ್ಡ ಡ್ರಾಯಿಂಗ್ ಶೀಟ್ ಅಂಟಿಸಿತ್ತು. ಸೋಮವಾರಕ್ಕೆ ಒಂದು ಬಣ್ಣ, ಮಂಗಳವಾರಕ್ಕೆ ಇನ್ನೊಂದು. ಗಣಿತಕ್ಕೆ ನೀಲಿ ಚೌಕ, ಸಮಾಜಕ್ಕೆ ಹಸಿರು. ಎಲ್ಲಾ ದಿನವೂ ಮುಂಜಾನೆ ಐದರಿಂದ ಆರು ಕೆಂಪು ಚೌಕ. ಅದು ರಸಾಯನಶಾಸ್ತ್ರ.

"ಹ್ಯಾಂಗದ ಮಾಮಾ?"

"ಚಂದ ಅದ," ಅಂದೆ. ಸುಳ್ಳೇನೂ ಹೇಳಲಿಲ್ಲ. ಗೆರೆ ಒಂದೂ ಸೊಟ್ಟ ಇರಲಿಲ್ಲ. ಮೂಲೆಯಲ್ಲಿ ಒಂದು ಹೂವೂ ಇತ್ತು.

ಆದರೆ ಆ ಶೀಟು ನೋಡುತ್ತಲೇ ಹೊಟ್ಟೆಯೊಳಗೆ ಏನೋ ಕಲಸಿದಂತಾಯಿತು. ಯಾಕೆಂದರೆ ಅಂಥದ್ದನ್ನು ನಾನೂ ಹಾಕಿದ್ದೆ. ಹತ್ತನೇ ಇಯತ್ತೆಯಲ್ಲಿದ್ದಾಗ ಗೆಳೆಯನ ಸ್ಕೆಚ್ ಪೆನ್ ಕಡ ತಂದು, ಎರಡು ಸಂಜೆ ಕೂತು ಟೈಮ್‌ಟೇಬಲ್ ಬರೆದಿದ್ದೆ. ಮೂರನೇ ದಿನ ಕಾಕಾನ ಮದುವೆ ಬಂತು. ನಾಲ್ಕು ದಿನ ಹಾರಿತು. ಹಾರಿದ್ದನ್ನೆಲ್ಲ ಸೇರಿಸಿ ಹೊಸ ಟೈಮ್‌ಟೇಬಲ್ ಹಾಕಿದೆ. ಅದೂ ಹಾರಿತು. ಫೆಬ್ರವರಿಯಲ್ಲಿ ಹಾಕಿದ ನಾಲ್ಕನೆಯದರ ಪ್ರಕಾರ ನಾನು ದಿನಕ್ಕೆ ಹದಿನೇಳು ತಾಸು ಓದಬೇಕಿತ್ತು. ಅಷ್ಟೊತ್ತಿಗೆ ನನಗೆ ಓದೋದಕ್ಕಿಂತ ಟೈಮ್‌ಟೇಬಲ್ ಹಾಕೋದೇ ಚೆನ್ನಾಗಿ ಬರುತ್ತಿತ್ತು. ವಿಜ್ಞಾನದಲ್ಲಿ ಪಾಸಾಗಲು 35 ಬೇಕಿತ್ತು, 38 ಬಂತು. ಮುಂದೆ ಹೋಗಿ ನಾನೇ ರಸಾಯನಶಾಸ್ತ್ರದಲ್ಲಿ ಬಿಎಸ್‌ಸಿ ಮಾಡಿದೆ, ಈಗ ಗೊಬ್ಬರ, ಔಷಧದ ಅಂಗಡಿ ಇಟ್ಟುಕೊಂಡಿದ್ದೇನೆ ಅಂದರೆ ನನ್ನ ಹಳೇ ಮಾಸ್ತರರು ಯಾರೂ ನಂಬಲಿಕ್ಕಿಲ್ಲ.

ಆ ದಿನ ಊಟ ಆದಮೇಲೆ ಹುಡುಗಿಗೆ ಒಂದು ಖಾಲಿ ಹಾಳೆ ಕೊಟ್ಟೆ. ಪುಸ್ತಕ ಮುಚ್ಚು, ಆಮ್ಲಗಳು, ಪ್ರತ್ಯಾಮ್ಲಗಳು ಮತ್ತು ಲವಣಗಳು ಪಾಠದಲ್ಲಿ ನಿನಗೆ ನೆನಪಿರೋದೆಲ್ಲ ಬರಿ, ಇಪ್ಪತ್ತು ನಿಮಿಷ ಅಂದೆ. ಅವಳು ನಕ್ಕಳು. ನಿನ್ನೆಯಷ್ಟೇ ಓದಿ ಮುಗಿಸಿದ ಪಾಠ ಅದು. ಶೀಟಿನಲ್ಲಿ ಅದಕ್ಕೆ ಟಿಕ್ ಕೂಡ ಹಾಕಿದ್ದಳು.

ಐದು ನಿಮಿಷ ಪೆನ್ನು ಓಡಿತು. ಆಮೇಲೆ ನಿಂತಿತು. ಹಾಳೆ ಮೇಲೆ ಹತ್ತು ಸಾಲು. ಆಮ್ಲ, ಪ್ರತ್ಯಾಮ್ಲ ಗುರುತಿಸೋ ಲಿಟ್ಮಸ್ ಕಾಗದದ ವಿಷಯ ಸರಿಯಾಗಿತ್ತು. ಅಡುಗೆ ಸೋಡಾ, ವಾಷಿಂಗ್ ಸೋಡಾ, ಬ್ಲೀಚಿಂಗ್ ಪೌಡರ್, ಪ್ಲಾಸ್ಟರ್ ಆಫ್ ಪ್ಯಾರಿಸ್ ಈ ನಾಲ್ಕೂ ಕಲಸಿಕೊಂಡು ಅಂಬಲಿ ಆಗಿದ್ದವು. ಒಂದರ ಸೂತ್ರ, ಇನ್ನೊಂದರ ಉಪಯೋಗ. ನೀರನ್ನು ಶುದ್ಧ ಮಾಡೋಕೆ ವಾಷಿಂಗ್ ಸೋಡಾ ಹಾಕಿದ್ದಳು.

"ಪುಸ್ತಕ ನೋಡಿದ್ರ ಎಲ್ಲಾ ಗೊತ್ತದ ಮಾಮಾ. ಮುಚ್ಚಿದ ಕೂಡ್ಲೆ ಹಾರಿ ಹೋಗ್ತದ." ಕಣ್ಣಲ್ಲಿ ನೀರು ಬಂದಿತ್ತು. ಜೊತೆಗೆ ನನ್ನ ಮೇಲೆ ಸಿಟ್ಟೂ ಇತ್ತು, ಅದು ನ್ಯಾಯವೇ.

ಆವತ್ತು ಅವಳು ಹೇಳಿದ್ದರಲ್ಲೇ ಎಲ್ಲಾ ಇತ್ತು. ಪುಸ್ತಕ ತೆರೆದಿದ್ದಾಗ ಸಾಲುಗಳ ಗುರುತು ಸಿಗುತ್ತದೆ. ಓಣಿಯಲ್ಲಿ ದಿನಾ ಎದುರಾಗೋ ಮುಖದ ಥರ. ಮುಖ ಗೊತ್ತು, ಹೆಸರು ಕೇಳಿದರೆ ಬಾಯಿಗೆ ಬರಲ್ಲ. ಪರೀಕ್ಷೆ ಕೇಳೋದು ಹೆಸರು. ನಾವು ಟೈಮ್‌ಟೇಬಲ್‌ನಲ್ಲಿ ಟಿಕ್ ಹಾಕೋದು ಮುಖ ಕಂಡಿದ್ದಕ್ಕೆ.

ಹರ್ಮನ್ ಎಬ್ಬಿಂಗ್‌ಹಾಸ್ ಅಂತ ಒಬ್ಬ ಜರ್ಮನ್ ವಿಜ್ಞಾನಿ ಇದ್ದ. ಅರ್ಥವೇ ಇಲ್ಲದ ಸಣ್ಣ ಸಣ್ಣ ಉಚ್ಚಾರಗಳ ಪಟ್ಟಿ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತೇನೆ ಅಂತ ತನ್ನ ಮೇಲೆ ತಾನೇ ಪರೀಕ್ಷೆ ಮಾಡಿಕೊಂಡ. 1885ರಲ್ಲಿ ಅದನ್ನು ಪ್ರಕಟಿಸಿದ. ಒಂದು ತಾಸಿನೊಳಗೇ ಅರ್ಧಕ್ಕಿಂತ ಜಾಸ್ತಿ ಹೋಗಿಬಿಡುತ್ತಿತ್ತು. ಮತ್ತೆ ಮತ್ತೆ ಬಿಡುವು ಕೊಟ್ಟು ನೆನಪಿಸಿಕೊಂಡರೆ ನಿಲ್ಲುತ್ತಿತ್ತು. ಪಾಠಕ್ಕೆ ಅರ್ಥ ಇರುತ್ತದೆ, ಹಾಗಾಗಿ ಅಷ್ಟು ಬೇಗ ಹೋಗಲಿಕ್ಕಿಲ್ಲ. ಆದರೆ ಅರ್ಥ ಮಾಡಿಕೊಳ್ಳದೆ ಓದಿದ ಸಮೀಕರಣಕ್ಕೂ ಆತನ ಅರ್ಥವಿಲ್ಲದ ಉಚ್ಚಾರಕ್ಕೂ ದೊಡ್ಡ ಫರಕು ಏನಿದೆ?

ಇದನ್ನು ಹುಡುಗಿಗೆ ಹೇಳಿದೆ. "ಅಂವಗೂ ಮರೀತಿತ್ತಾ?" ಅಂತ ಕೇಳಿ ಸ್ವಲ್ಪ ಸಮಾಧಾನ ಮಾಡಿಕೊಂಡಳು.

ಮುಂದಿನ ಭಾನುವಾರ ನಾವು ಗೋಡೆಯ ಕ್ಯಾಲೆಂಡರ್ ಇಳಿಸಿಕೊಂಡು ಕೂತೆವು. ಮಾರ್ಚ್ ಕೊನೆಗೆ ಪರೀಕ್ಷೆ ಅಂತ ಹಿಡಿದು ನೂರು ದಿನ ಅದಾವ ಅಂದಳು. ಸರಿ, ಕಳೆಯೋಣ ಅಂದೆ. ಎಳ್ಳ ಅಮಾವಾಸ್ಯೆಗೆ ಮನೆಮಂದಿ ಎಲ್ಲಾ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಬೇಕು, ಅಂದರೆ ಭೂಮಿತಾಯಿಗೆ ಅಡುಗೆಯ ಎಡೆ. ಅವತ್ತು ಓದುತ್ತೇನೆ ಅಂದರೆ ಅವಳನ್ನೇ ಚೆಲ್ಲಿಬಿಡುತ್ತಾರೆ. ಸಂಕ್ರಾಂತಿಗೆ ವಿಜಯಪುರದಲ್ಲಿ ಸಿದ್ಧೇಶ್ವರ ಜಾತ್ರೆ. ನಮ್ಮ ಮನೆಗೆ ಬಂದು ಎರಡು ದಿನ ಇರೋದು ವರ್ಷಾ ನಡೆದುಬಂದ ಪದ್ಧತಿ, ತಪ್ಪಿಸೋಕೆ ನನಗೂ ಮನಸ್ಸಿಲ್ಲ. ಜನವರಿ ಕೊನೆಗೆ ಜೋಳದ ಕೊಯ್ಲು. ಒಂದು ಮದುವೆ, ಒಂದು ಸೀಮಂತ. ಶಾಲೆಯ ಪೂರ್ವಸಿದ್ಧತಾ ಪರೀಕ್ಷೆಗೆ ಒಂದು ವಾರ. ಫೆಬ್ರವರಿಯಿಂದ ದ್ರಾಕ್ಷಿ ಕಟಾವು, ಒಣದ್ರಾಕ್ಷಿ ಶೆಡ್ಡು. ಎಲ್ಲಾ ಕಳೆದಮೇಲೆ ಅರವತ್ತು ದಿನವೂ ಉಳಿಯಲಿಲ್ಲ. ಅದರಲ್ಲಿ ಆರು ವಿಷಯ. ವಿಜ್ಞಾನ ಪತ್ರಿಕೆಯ 80 ಅಂಕದಲ್ಲಿ ಭೌತ, ಜೀವ ಬಿಟ್ಟರೆ ರಸಾಯನಕ್ಕೆ ಸುಮಾರು ಮೂರನೇ ಒಂದು ಪಾಲು.

ಹುಡುಗಿಯ ಮುಖ ಸಣ್ಣದಾಯಿತು. ನನಗೆ ಮಾತ್ರ ಹಗುರ ಅನಿಸಿತು. ಇಲ್ಲದ ನೂರು ದಿನಕ್ಕಿಂತ ಇರೋ ಐವತ್ತೈದು ಲೇಸು.

ಇನ್ನೊಂದು ಲೆಕ್ಕ ಉಳಿದಿತ್ತು. ಆ ಮುಂಜಾನೆ ಐದರಿಂದ ಆರರ ಕೆಂಪು ಚೌಕ. ಆ ಹೊತ್ತಿಗೆ ನಿಜವಾಗಿ ಏನು ಮಾಡ್ತೀ ಅಂತ ಕೇಳಿದೆ. ನಳದ ನೀರು ಐದೂವರೆಗೆ ಬರುತ್ತದೆ, ಕೊಡ ತುಂಬಿಸಬೇಕು. ಆಮೇಲೆ ಅವ್ವನ ಜೊತೆ ರೊಟ್ಟಿ. ಹಾಗಾದರೆ ಆ ಚೌಕ ಯಾಕೆ ಹಾಕಿದಿ? "ಎಲ್ಲಾರೂ ಮುಂಜಾನೆ ಓದ್ಬೇಕು ಅಂತಾರಲ್ಲ." ಅವಳ ತಮ್ಮ ಎಂಟನೆಯಲ್ಲಿದ್ದಾನೆ. ಅವನು ಆ ಹೊತ್ತಿಗೆ ಏನು ಮಾಡುತ್ತಾನೆ ಅಂತ ಕೇಳಬೇಕಾಗಿಯೇ ಇರಲಿಲ್ಲ. ಒಂಬತ್ತರವರೆಗೂ ಚಾದರದೊಳಗೆ ಇದ್ದ.

ಅಕ್ಕನ ಹತ್ತಿರ ಮಾತು ತೆಗೆದೆ. ತೆಗೆಯಬಾರದಿತ್ತು, ಅಥವಾ ಬೇರೆ ರೀತಿ ತೆಗೆಯಬೇಕಿತ್ತು.

"ಹುಡುಗಿ ಕೈ ಬಿಟ್ರ ಇಪ್ಪತ್ತೈದು ರೊಟ್ಟಿ ಯಾರ್ ಬಡೀಬೇಕೋ? ನೀ ಬರ್ತೀ ಏನು ಊರಿಂದ?"

ನಾನು ಸುಮ್ನಾದೆ. ಹೋದಾಗೆಲ್ಲ ಆ ಇಪ್ಪತ್ತೈದರಲ್ಲಿ ಐದು ತಿನ್ನುವವನು ನಾನೇ. ಅಕ್ಕ ಸ್ವತಃ ಏಳನೆಗೆ ಶಾಲೆ ಬಿಟ್ಟವಳು, ಅದೂ ಇಂಥದ್ದೇ ಕೆಲಸಕ್ಕೆ. ಅವಳಿಗೆ ಮಗಳು ಓದಬೇಕು ಅನ್ನೋದು ನನಗಿಂತ ಜಾಸ್ತಿ ಇದೆ. ಆದರೆ ಇನ್ನೆರಡು ಕೈ ಎಲ್ಲಿಂದ ತರೋದು? ಎಸ್‌ಎಸ್‌ಎಲ್‌ಸಿಗೆ ಒಂದಕ್ಕಿಂತ ಹೆಚ್ಚು ಸಲ ಅವಕಾಶ ಇದೆಯಲ್ಲ, ಯಾಕಿಷ್ಟು ಗಡಿಬಿಡಿ ಅಂತಲೂ ಒಂದು ಮಾತು ಬಂತು. ಕೊನೆಗೆ ಮಾವ, ಅಂದರೆ ಅಕ್ಕನ ಗಂಡ, ಬಾಯಿ ಬಿಟ್ಟರು. ನೀರು ತುಂಬೋದು ಹುಡುಗನ ಕೆಲಸ. ರೊಟ್ಟಿ ಮುಂಜಾನೆ ಅವ್ವ ಮಗಳು ಇಬ್ಬರೂ. ಆದರೆ ಸಂಜೆ ಏಳರಿಂದ ಎಂಟೂವರೆ ಹುಡುಗಿಯನ್ನು ಯಾರೂ ಕರೆಯಬಾರದು, ಚಹಾಕ್ಕೂ ಕರೆಯಬಾರದು. ಟಿವಿ ಬಂದ್. ಅವತ್ತು ಗಿಟ್ಟಿದ್ದು ದಿನಕ್ಕೆ ಒಂದೂವರೆ ತಾಸು, ಅದರಲ್ಲಿ ರಸಾಯನಕ್ಕೆ ಒಂದು ದಿನ ಬಿಟ್ಟು ಒಂದು ದಿನ ನಲವತ್ತು ನಿಮಿಷ. ಸಣ್ಣ ಚೌಕ. ಆದರೆ ಖರೇ ಚೌಕ.

ಆ ನಲವತ್ತು ನಿಮಿಷದಲ್ಲಿ ಏನು ಓದಬೇಕು ಅಂತ ಟೈಮ್‌ಟೇಬಲ್ ಹೇಳಬಾರದು, ತಪ್ಪುಗಳು ಹೇಳಬೇಕು ಅಂತ ಮಾಡಿಕೊಂಡೆವು. ಶಾಲೆಯಲ್ಲಿ ಕೊಟ್ಟ ಪಾಸಿಂಗ್ ಪ್ಯಾಕೇಜ್, ಅಂದರೆ ಪಾಸಾಗೋಕೆ ಬೇಕಾದಷ್ಟು ಪ್ರಶ್ನೋತ್ತರದ ಪುಸ್ತಿಕೆ, ಇತ್ತು, ಮಾದರಿ ಪ್ರಶ್ನೆ ಪತ್ರಿಕೆಗಳ ಗಂಟಿತ್ತು. ಅವನ್ನು ಓದೋಕೆ ಬಳಸಲಿಲ್ಲ, ಎಡವೋಕೆ ಬಳಸಿದೆವು. ಪುಸ್ತಕ ಮುಚ್ಚಿ ಉತ್ತರ ಬರೆಯೋದು, ಆಮೇಲೆ ತೆರೆದು ನೋಡೋದು, ತಪ್ಪಿದ್ದನ್ನು ಮಾತ್ರ ಗುರುತು ಹಾಕೋದು.

ಅವಳ ತಪ್ಪುಗಳನ್ನು ನೋಡುತ್ತಾ ಹೋದಂತೆ ನನಗೇ ರುಚಿ ಹತ್ತಿತು. ಒಂದು ಸಂಜೆ ಸಮೀಕರಣ ಸರಿದೂಗಿಸುತ್ತಿದ್ದಳು. ಹೈಡ್ರೋಜನ್ ಮತ್ತು ಆಕ್ಸಿಜನ್ ಸೇರಿ ನೀರು. ಎಡಗಡೆ ಆಕ್ಸಿಜನ್ ಎರಡು, ಬಲಗಡೆ ಒಂದು. ಅವಳು ಸಲೀಸಾಗಿ ನೀರಿನ ಸೂತ್ರದಲ್ಲೇ ಆಕ್ಸಿಜನ್ ಪಕ್ಕ ಕೆಳಗೆ ಸಣ್ಣದಾಗಿ ಎರಡು ಬರೆದಳು. ಲೆಕ್ಕ ಸರಿ ಹೋಯಿತು. ಎರಡೂ ಕಡೆ ಎರಡೆರಡು.

"ಈಗ ಇದು ನೀರಲ್ಲ," ಅಂದೆ. "ಹೈಡ್ರೋಜನ್ ಪೆರಾಕ್ಸೈಡ್. ಕುಡಿಯಾಕ ನೀರು ಕೇಳಿದವರಿಗೆ ಗಾಯ ತೊಳಿಯೋ ಔಷಧ ಕೊಟ್ಟಂಗಾತು."

ಅವಳು ಪೆನ್ನು ಕಚ್ಚಿಕೊಂಡು ಬಹಳ ಹೊತ್ತು ನೋಡಿದಳು. ಕೆಳಗಿನ ಅಂಕಿ ಮುಟ್ಟಬಾರದು, ಮುಂದಿನ ಅಂಕಿ ಮಾತ್ರ ನಮ್ಮ ಕೈಯಲ್ಲಿ ಅಂತ ಮಾಸ್ತರರು ಹತ್ತು ಸಲ ಹೇಳಿರುತ್ತಾರೆ. ಅದು ಅವಳಿಗೆ ನಿಯಮವಾಗಿ ಗೊತ್ತಿತ್ತು, ಕಾರಣ ಗೊತ್ತಿರಲಿಲ್ಲ. ಚೀಲದೊಳಗಿನ ಮಾಲು ಬದಲಿಸಿದರೆ ಅದು ಬೇರೆ ಸರಕು. ಚೀಲ ಎಷ್ಟು ಅನ್ನೋದನ್ನಷ್ಟೇ ಬದಲಿಸಬಹುದು. ಗೊಬ್ಬರದ ಅಂಗಡಿಯವನ ಉದಾಹರಣೆ, ಕ್ಷಮೆ ಇರಲಿ. ಆಮೇಲೆ ಕಾದ ಕಬ್ಬಿಣದ ಮೇಲೆ ಹಬೆ ಹಾಯಿಸೋ ಸಮೀಕರಣ ಅವಳೇ ಬಿಡಿಸಿದಳು. ಮೂರು ಕಬ್ಬಿಣ, ನಾಲ್ಕು ನೀರು. ಆ ಕಡೆ ಒಂದು ಆಕ್ಸೈಡ್, ನಾಲ್ಕು ಹೈಡ್ರೋಜನ್. ಬಾಯಿಪಾಠ ಮಾಡಿದ್ದಲ್ಲ, ಎಣಿಸಿದ್ದು.

ಈ ತಪ್ಪುಗಳನ್ನೆಲ್ಲ ಹಾಕಿಡೋಕೆ ಒಂದು ಜಾಗ ಬೇಕಾಯಿತು. ತಿಜೋರಿ ಮೇಲೆ ಹಳೇ ಲಗ್ನಪತ್ರಿಕೆಗಳ ದೊಡ್ಡ ಕಟ್ಟು ಇತ್ತು. ದೇವರ ಚಿತ್ರ ಇರುತ್ತದೆ ಅಂತ ಅಕ್ಕ ಯಾವುದನ್ನೂ ಒಗೆಯಲ್ಲ. ದೇವರ ಭಾಗ ಕತ್ತರಿಸಿ ಅವಳ ಕೈಗೆ ಕೊಟ್ಟು, ಉಳಿದ ದಪ್ಪ ಹಾಳೆಯನ್ನು ಚೀಟಿ ಮಾಡಿದೆವು. ಬೋಳು ಮಗ್ಗುಲಲ್ಲಿ ಪ್ರಶ್ನೆ. ಅಚ್ಚಾದ ಮಗ್ಗುಲಲ್ಲಿ, ವಧು ವರರ ಹೆಸರಿನ ಮೇಲೆ, ಕೆಂಪು ಪೆನ್ನಿನಲ್ಲಿ ಉತ್ತರ. ಒಣದ್ರಾಕ್ಷಿ ತುಂಬೋ ಮೂರು ಖಾಲಿ ಡಬ್ಬಿ ತಂದಿಟ್ಟೆವು. ಮೊದಲ ಡಬ್ಬಿಯ ಚೀಟಿ ದಿನಾ ನೋಡಬೇಕು. ಸರಿ ಹೇಳಿದರೆ ಎರಡನೆಯದಕ್ಕೆ ಹೋಗುತ್ತದೆ, ಅದು ಮೂರು ದಿನಕ್ಕೊಮ್ಮೆ. ಅಲ್ಲೂ ಗೆದ್ದರೆ ಮೂರನೆಯದು, ಹತ್ತು ದಿನಕ್ಕೊಮ್ಮೆ. ಎಲ್ಲಿ ತಪ್ಪಿದರೂ ಮತ್ತೆ ಮೊದಲ ಡಬ್ಬಿಗೆ. ಇದು ನನ್ನ ಬುದ್ಧಿ ಅಲ್ಲ. ಲೈಟ್ನರ್ ಅನ್ನೋರು 1970ರ ದಶಕದಲ್ಲಿ ಜನಪ್ರಿಯ ಮಾಡಿದ ಪದ್ಧತಿ. ಲಗ್ನಪತ್ರಿಕೆ ಮಾತ್ರ ನಮ್ಮದು.

ಚೀಟಿ ಬರೆಯೋದರಲ್ಲೂ ಒಂದು ಮೋಸ ಇದೆ. ಮೊದಲ ವಾರ ಅವಳು ಸುಲಭದ್ದನ್ನೇ ಬರೆದು ಮೂರನೇ ಡಬ್ಬಿ ತುಂಬಿಸಿ ಖುಷಿಪಟ್ಟಳು. ಬಣ್ಣದ ಟೈಮ್‌ಟೇಬಲ್ ಬೇರೆ ವೇಷ ಹಾಕಿಕೊಂಡು ಬಂದಿತ್ತು. ಆಮೇಲೆ ಒಮ್ಮೆಯಾದರೂ ತಪ್ಪಿದ್ದಕ್ಕೆ ಮಾತ್ರ ಚೀಟಿ ಅಂತ ಕಟ್ಟಳೆ ಮಾಡಿದೆವು.

ಚಿತ್ರಗಳಿಗೆ ಚೀಟಿ ಸಾಲಲ್ಲ. ತಾಮ್ರದ ಶುದ್ಧೀಕರಣದ ಚಿತ್ರ ಬರೆದು ಭಾಗ ಗುರುತಿಸೋದನ್ನು ನಾಲ್ಕು ಸಲ ಬರೆದಳು, ಮೂರು ಸಲ ಕರೆಂಟಿನ ಎರಡು ಪಟ್ಟಿ, ಆನೋಡ್ ಕ್ಯಾಥೋಡ್, ಅದಲು ಬದಲು. ಅಶುದ್ಧ ತಾಮ್ರ ಆನೋಡ್, ಅದು ಕರಗುತ್ತಾ ಹೋಗುತ್ತದೆ. ತೆಳ್ಳನೆ ಶುದ್ಧ ಪಟ್ಟಿ ಕ್ಯಾಥೋಡ್, ಅದು ದಪ್ಪಗಾಗುತ್ತದೆ. "ಸೊರಗೋದು ಆ, ಉಬ್ಬೋದು ಕ್ಯಾ" ಅಂತ ಅವಳೇ ಏನೋ ಕಟ್ಟಿಕೊಂಡಳು. ನನಗೆ ಅರ್ಥ ಆಗಲಿಲ್ಲ, ಅವಳಿಗೆ ಆಯಿತು. ಸಾಕು.

ಫೆಬ್ರವರಿ ಎರಡನೇ ವಾರ ಶೆಡ್ಡು ಶುರುವಾಯಿತು. ಒಂದೂವರೆ ತಾಸಿನ ಕರಾರು ಮುರಿಯಿತು, ಮುರಿಯುತ್ತದೆ ಅಂತ ಕ್ಯಾಲೆಂಡರ್‌ನಲ್ಲೇ ಬರೆದಿದ್ದೆವು. ಕಟಾವು ಮಾಡಿದ ದ್ರಾಕ್ಷಿ ಕ್ರೇಟಿನಲ್ಲಿ ಬರುತ್ತದೆ. ನೂರು ಲೀಟರ್ ನೀರಿಗೆ ಎರಡೂವರೆ ಕಿಲೋ ಪೊಟ್ಯಾಶಿಯಂ ಕಾರ್ಬೋನೇಟ್, ಒಂದೂವರೆ ಲೀಟರ್ ಡಿಪ್ಪಿಂಗ್ ಆಯಿಲ್ ಕಲಸಿ, ಅದರಲ್ಲಿ ಗೊನೆ ಅದ್ದಿ ತೆಗೆದು ಶೆಡ್ಡಿನ ಜಾಳಿಗೆ ಮೇಲೆ ಹರಡುತ್ತಾರೆ. ಹಣ್ಣಿನ ಸಿಪ್ಪೆ ಮೇಲೆ ತೆಳ್ಳನೆ ಮೇಣ ಇರುತ್ತದೆ. ಈ ದ್ರಾವಣ ಮೇಣದ ಬಿಗಿ ಸಡಿಲ ಮಾಡುತ್ತದೆ, ಒಳಗಿನ ನೀರು ಬೇಗ ಹೊರಗೆ ಬರುತ್ತದೆ. ಹದಿನೈದು ದಿನದಲ್ಲಿ ನಾಲ್ಕು ಕಿಲೋ ಹಣ್ಣು ಒಂದು ಕಿಲೋ ಒಣದ್ರಾಕ್ಷಿ. ಈ ಪುಡಿ, ಎಣ್ಣೆ ಎರಡೂ ನನ್ನ ಅಂಗಡಿಯಿಂದಲೇ ಹೋಗುತ್ತವೆ. ಇಷ್ಟು ವರ್ಷ ಮಾರಿದ್ದೇನೆ, ಇದು ಹತ್ತನೇ ಇಯತ್ತೆಯ ಪಾಠ ಅಂತ ಹೊಳೆದಿರಲಿಲ್ಲ.

ಹುಡುಗಿ ಅಡುಗೆಮನೆಯಿಂದ ಒಂದು ಚಿಟಿಕೆ ಅರಿಶಿಣ ತಂದು, ಆ ದ್ರಾವಣ ಬಟ್ಟಲಲ್ಲಿ ತೆಗೆದು ಹಾಕಿದಳು. ಕುಂಕುಮದಂತೆ ಕೆಂಪಾಯಿತು. ಅಂದರೆ ದ್ರಾವಣ ಪ್ರತ್ಯಾಮ್ಲೀಯ. ಕೂಲಿಗೆ ಬಂದ ಹೆಣ್ಣುಮಕ್ಕಳೆಲ್ಲ ಕೆಲಸ ಬಿಟ್ಟು ನೋಡೋಕೆ ಬಂದರು. "ನಾವು ಇದರಾಗ ದಿನಾ ಕೈ ಹಾಕ್ತೀವಲ್ಲ ತಂಗಿ" ಅಂದಳು ಒಬ್ಬಾಕೆ, ಅಂಗೈ ತಿರುಗಿಸಿ ತೋರಿಸುತ್ತಾ. ಚರ್ಮ ಸುಲಿದಿತ್ತು. ಮುಂದಿನ ಸಲ ಬರುವಾಗ ರಬ್ಬರಿನ ಕೈಗವಸು ತಂದುಕೊಟ್ಟೆ, ಮೊದಲೇ ತರಬೇಕಿತ್ತು. ಆ ಎಣ್ಣೆಯಲ್ಲಿರೋದು ಈಥೈಲ್ ಓಲಿಯೇಟ್, ಅದು ಎಸ್ಟರ್. ಕಾರ್ಬನ್ ಮತ್ತು ಅದರ ಸಂಯುಕ್ತಗಳು ಪಾಠದ ಕೊನೆಗೆ ಆಲ್ಕೋಹಾಲ್ ಮತ್ತು ಕಾರ್ಬಾಕ್ಸಿಲಿಕ್ ಆಮ್ಲ ಸೇರಿ ಆಗೋ ವಸ್ತು ಅಂತ ಬರುತ್ತದಲ್ಲ, ಅದೇ ಮನೆತನ.

ಒಣದ್ರಾಕ್ಷಿಗೆ ಹಳದಿ ಬಣ್ಣ ಬರಲಿ ಅಂತ ಗಂಧಕದ ಹೊಗೆ ಹಾಕುತ್ತಾರೆ. ಊರಿಂದ ಲಿಟ್ಮಸ್ ಕಾಗದದ ಕಟ್ಟು ತಂದಿದ್ದೆ. ಕಿಂಡಿಯಿಂದ ಹೊರಬರೋ ಹೊಗೆಗೆ ದೂರದಿಂದಲೇ, ಮೂಗಿಗೆ ಸೆರಗು ಕಟ್ಟಿಕೊಂಡು, ಒಣ ನೀಲಿ ಕಾಗದ ಹಿಡಿದಳು. ಏನೂ ಆಗಲಿಲ್ಲ. ಅದನ್ನೇ ನೀರಿನಲ್ಲಿ ಅದ್ದಿ ಹಿಡಿದಳು. ಕೆಂಪಾಯಿತು. ಗಂಧಕ ಅಲೋಹ, ಅದರ ಆಕ್ಸೈಡು ನೀರು ಸಿಕ್ಕರೆ ಮಾತ್ರ ಆಮ್ಲ. ಒಣ ಲಿಟ್ಮಸ್ ಮೇಲೆ ಏನು ಪರಿಣಾಮ, ಒದ್ದೆ ಲಿಟ್ಮಸ್ ಮೇಲೆ ಏನು ಅಂತ ಪುಸ್ತಕದಲ್ಲೇ ಪ್ರಶ್ನೆ ಇದೆ. ಆ ಚೀಟಿ ಡಿಸೆಂಬರ್‌ನಿಂದ ಮೊದಲ ಡಬ್ಬಿಯಲ್ಲೇ ಕೊಳೆಯುತ್ತಿತ್ತು. ಅವತ್ತು ಕೆಮ್ಮುತ್ತಾ ಮನೆಗೆ ಓಡಿಹೋಗಿ ಅದನ್ನು ಸೀದಾ ಮೂರನೆಯದಕ್ಕೆ ಹಾಕಿದಳು. ಕಟ್ಟಳೆ ಮುರಿದಳು, ನಾನು ನೋಡದಂತೆ ಇದ್ದೆ.

ಶೆಡ್ಡಿನಲ್ಲಿ ಕಂಡಿದ್ದಕ್ಕೆಲ್ಲ ಅಂಕ ಬರುತ್ತದೆ ಅಂತ ಮಾತ್ರ ತಿಳಿಯಬಾರದು. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಎರಡಂಕದ ಪ್ರಶ್ನೆಗೆ ಅವಳು ಅರಿಶಿಣದ ಕಥೆ ಪೂರಾ ಬರೆದು, ಸಮೀಕರಣ ಬರೆಯೋದನ್ನೇ ಮರೆತಿದ್ದಳು. ಅರ್ಧ ಅಂಕ ಬಂತು. ಸಮೀಕರಣ ಮೊದಲು, ಕಥೆ ಆಮೇಲೆ ಅಂತ ಅದಕ್ಕೂ ಒಂದು ಚೀಟಿ ಆಯಿತು.

ಮಾರ್ಚ್ ಹೊತ್ತಿಗೆ ಮೊದಲ ಡಬ್ಬಿಯಲ್ಲಿ ಏಳೆಂಟು ಚೀಟಿ ಉಳಿದಿದ್ದವು. ಅದರಲ್ಲಿ ಒಂದು ಹೋಗಲೊಲ್ಲದು. ಪ್ಲಾಸ್ಟರ್ ಆಫ್ ಪ್ಯಾರಿಸ್. ಜಿಪ್ಸಂ ಅನ್ನು 373 ಕೆಲ್ವಿನ್‌ಗೆ ಕಾಸಿದರೆ ನೀರು ಕಳೆದುಕೊಂಡು ಅದಾಗುತ್ತದೆ, ಅರ್ಧ ಅಣು ನೀರು ಉಳಿಯುತ್ತದೆ. ಅವಳಿಗೆ ಉತ್ತರ ಗೊತ್ತಿತ್ತು, ಆದರೂ ಚೀಟಿ ದಾಟಿಸುತ್ತಿರಲಿಲ್ಲ.

"ಅರ್ಧ ಅಣು ಅಂದ್ರ ಹ್ಯಾಂಗ ಮಾಮಾ? ಅಣು ಮುರೀತದ ಏನು? ಮುರಿದ್ರ ಅದು ನೀರ ಹ್ಯಾಂಗಾತು? ನೀನs ಹೇಳಿದ್ದಿ, ಕೆಳಗಿನ ಅಂಕಿ ಮುಟ್ಟಬಾರದು ಅಂತ."

ನಾನು ಹತ್ತನೇಲೂ ಆ ಅರ್ಧವನ್ನು ಬರೆದಿದ್ದೆ, ಬಿಎಸ್‌ಸಿಯಲ್ಲೂ ಬರೆದಿದ್ದೆ. ಒಮ್ಮೆಯೂ ಕೇಳಿರಲಿಲ್ಲ. ಒಂದು ನಿಮಿಷ ಯೋಚನೆ ಮಾಡಬೇಕಾಯಿತು. ಅಲ್ಲಿ ಅಣು ಮುರಿದಿಲ್ಲ. ಅದರಲ್ಲಿರೋ ಕ್ಯಾಲ್ಸಿಯಂ ಸಲ್ಫೇಟಿನ ಎರಡು ಘಟಕಕ್ಕೆ ಸೇರಿ ಒಂದು ಇಡೀ ನೀರಿನ ಅಣು. ಪಾಲು ಹಾಕಿ ಬರೆದಾಗ ಒಬ್ಬೊಬ್ಬರಿಗೆ ಅರ್ಧ. "ನೀವಿಬ್ಬರೂ ಅಕ್ಕ ತಮ್ಮ ಒಂದೇ ಸೈಕಲ್ ಮೇಲೆ ಶಾಲಿಗೆ ಹೋಗ್ತೀರಲ್ಲ, ಅರ್ಧ ಅರ್ಧ ಸೈಕಲ್ ಅದ ಏನು?"

"ಅವನೇ ಪೂರಾ ತಗೊಂಡು ಹೋಗ್ತಾನ," ಅಂದಳು. ಆದರೆ ಚೀಟಿ ದಾಟಿಸಿದಳು.

ಪರೀಕ್ಷೆ ದಿನ ನಾನು ಅಂಗಡಿಯಲ್ಲಿದ್ದೆ. ಎರಡು ಗಂಟೆಗೆ ಮಾವನ ಫೋನಿನಿಂದ ಕರೆ ಬಂತು. ಹೆಂಗಾತು ಅಂದೆ.

"ಸಮೀಕರಣ ನಾಕೂ ಸರಿ ಬಂದಾವ. ತಾಮ್ರದ ಚಿತ್ರ ಬರ್ಲಿಲ್ಲ, ಬ್ಯಾರೇದ ಬಂತು, ಬರ್ದೀನಿ. ಎಸ್ಟರ್ ಬಂದಿತ್ತು." ಸ್ವಲ್ಪ ತಡೆದು, ಬೇಜಾರಿನ ದನಿಯಲ್ಲಿ, "ಆ ಅರ್ಧ ಅಣು ಮಾತ್ರ ಕೇಳಲೇ ಇಲ್ಲ ಮಾಮಾ. ಅಷ್ಟು ತಲೀ ತಿಂದಿತ್ತು, ಸುಮ್ನೆ ಹೋತು."

ಹಿಂದಿನಿಂದ ಅಕ್ಕನ ದನಿ ಕೇಳಿಸಿತು. ಶೆಡ್ಡಿಗೆ ಬುತ್ತಿ ಒಯ್ಯಬೇಕಂತೆ, ಫೋನ್ ಇಡು ಅಂತ.